ಪುಟದಿಂದ ತೆರೆಗೆ: ಪತ್ತೇದಾರಿ ಕಥೆಗಳ ಪಯಣ

ಕಲಬುರಗಿ: ನಗರದ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಹತ್ತು ಹೆಜ್ಜೆ ನಡೆದರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಇಂತಹ ಊರಿನ ಚಿತ್ರಪ್ರೇಕ್ಷಕನಿಗೆ ಒಂದು ಅನುಕೂಲವುಂಟು, ಒಂದು ತೊಂದರೆಯೂ ಉಂಟು. ಒಂದೇ ಕಥೆಯನ್ನು ಎರಡು ಮೂರು ಭಾಷೆಗಳ ಚಿತ್ರಗಳಲ್ಲಿ ನೋಡಬಹುದೆಂಬುದು ಅನುಕೂಲ. ಕಥೆ ಪತ್ತೇದಾರಿಯದಾಗಿದ್ದರೆ ಕೊಲೆಗಾರ ಯಾರೆಂಬುದು ಮೊದಲನೆಯ ಚಿತ್ರದಲ್ಲೇ ಗೊತ್ತಾಗಿಬಿಟ್ಟಿರುತ್ತದೆ ಎಂಬುದು ತೊಂದರೆ.

ಪತ್ತೇದಾರಿ ಸಾಹಿತ್ಯವನ್ನು ತೆರೆಗೆ ತರುವ ಪ್ರತಿಯೊಬ್ಬ ನಿರ್ದೇಶಕನೂ ಎದುರಿಸುವ ಪ್ರಶ್ನೆ ಇದೇ ಆಗಿದೆ. ಗುಟ್ಟು ರಟ್ಟಾದ ಮೇಲೆ ಚಿತ್ರದಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಚಿತ್ರಗಳು ದಶಕಗಳ ನಂತರವೂ ನೋಡುಗರನ್ನು ಹಿಡಿದಿಟ್ಟುಕೊಂಡಿವೆ. ಉತ್ತರ ಕಾಣದವು ಬಿಡುಗಡೆಯಾದ ವಾರದಲ್ಲೇ ಮರೆತುಹೋಗಿವೆ. ಕನ್ನಡದ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದೆ. ನೂರಾರು ಪತ್ತೇದಾರಿ ಕಾದಂಬರಿಗಳು ಪ್ರಕಟವಾದ ಈ ಭಾಷೆಯ ಚಿತ್ರರಂಗ ತನ್ನ ಕಪಾಟನ್ನು ಬಿಟ್ಟು ಪರರ ಕಪಾಟಿಗೆ ಕೈಹಾಕಿದ್ದೇಕೆ?

ಆರಂಭದ ದಿನಗಳು

ಆಧುನಿಕ ಪತ್ತೇದಾರಿ ಕಥೆಯ ಮೂಲವನ್ನು ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ 'ದಿ ಮರ್ಡರ್ಸ್ ಇನ್ ದಿ ರೂ ಮೋರ್ಗ್' ಕಥೆಯಲ್ಲಿ ಗುರುತಿಸಲಾಗುತ್ತದೆ. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಮೂಲಕ ಷರ್ಲಾಕ್ ಹೋಮ್ಸ್ ಜನಿಸಿದ. ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದ 1900ರಲ್ಲಿಯೇ ಹೋಮ್ಸ್ ತೆರೆಯೇರಿದ್ದ. 'ಷರ್ಲಾಕ್ ಹೋಮ್ಸ್ ಬ್ಯಾಫಲ್ಡ್' ಎಂಬ ಆ ತುಣುಕು ಒಂದು ನಿಮಿಷವೂ ಇಲ್ಲ. ಕಳ್ಳ ಮಾಯವಾಗುತ್ತಾನೆ, ಪತ್ತೇದಾರ ಪೆಚ್ಚಾಗುತ್ತಾನೆ, ಅಷ್ಟೇ. ಅಲ್ಲಿಂದೀಚೆಗೆ ಹೋಮ್ಸ್‌ನಷ್ಟು ಬಾರಿ ತೆರೆಯ ಮೇಲೆ ಕಾಣಿಸಿಕೊಂಡ ಸಾಹಿತ್ಯ ಪಾತ್ರಗಳು ವಿರಳ.

ಅಮೆರಿಕದಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಅವರ 1930ರ ಕಾದಂಬರಿ 'ದಿ ಮಾಲ್ಟೀಸ್ ಫಾಲ್ಕನ್' ಹತ್ತೇ ವರ್ಷಗಳ ಅಂತರದಲ್ಲಿ ಮೂರು ಬಾರಿ ಚಿತ್ರವಾಯಿತು. ಮೊದಲೆರಡು ಚಿತ್ರಗಳನ್ನು ಇಂದು ನೆನೆಯುವವರು ಕಡಿಮೆ. 1941ರಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೂರನೆಯದು ಮಾತ್ರ ಮೇರುಕೃತಿ ಎನಿಸಿತು. ಕಥೆ ಅದೇ, ಅಪರಾಧಿಯೂ ಅವರೇ. ಆದರೆ ಹಂಫ್ರಿ ಬೋಗಾರ್ಟ್ ನಿರ್ವಹಿಸಿದ ಪತ್ತೇದಾರನ ಪಾತ್ರದಲ್ಲಿ ರಹಸ್ಯಕ್ಕಿಂತ ಮಿಗಿಲಾದ ಒಂದು ನೈತಿಕ ತೊಳಲಾಟವಿತ್ತು.

ಅಗಾಥಾ ಕ್ರಿಸ್ಟಿ ಅವರ ಕೃತಿಗಳದ್ದು ಬೇರೆಯೇ ಬಗೆ. ಒಂದು ಮನೆ, ಒಂದು ದ್ವೀಪ ಅಥವಾ ಒಂದು ರೈಲುಬೋಗಿ. ಅಲ್ಲಿ ಸಿಲುಕಿದ ಕೆಲವರು. ಎಲ್ಲರ ಮೇಲೂ ಅನುಮಾನ. 1939ರ 'ಆ್ಯಂಡ್ ದೆನ್ ದೇರ್ ವರ್ ನನ್' ಕಾದಂಬರಿಯನ್ನು ಕ್ರಿಸ್ಟಿ ಅವರೇ 1943ರಲ್ಲಿ ನಾಟಕವಾಗಿಸಿದಾಗ ಅದರ ಮುಕ್ತಾಯವನ್ನು ಬದಲಿಸಿದರು. 1945ರಲ್ಲಿ ಫ್ರೆಂಚ್ ನಿರ್ದೇಶಕ ರೆನೆ ಕ್ಲೇರ್ ಹಾಲಿವುಡ್‌ನಲ್ಲಿ ನಿರ್ಮಿಸಿದ ಚಿತ್ರ ಅನುಸರಿಸಿದ್ದು ನಾಟಕದ ಮುಕ್ತಾಯವನ್ನೇ. ಬಿಲ್ಲಿ ವೈಲ್ಡರ್ ಅವರ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' (1957) ಹಾಗೂ ಸಿಡ್ನಿ ಲುಮೆಟ್ ಅವರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' (1974) ಕ್ರಿಸ್ಟಿ ಕೃತಿಗಳ ಅತ್ಯುತ್ತಮ ಚಿತ್ರರೂಪಗಳ ಸಾಲಿನಲ್ಲಿ ನಿಲ್ಲುತ್ತವೆ.

ತೊಡಕು ಎಲ್ಲಿದೆ?

ಪತ್ತೇದಾರಿ ಕಾದಂಬರಿಯ ಜೀವಾಳ ಆಲೋಚನೆ. ಓದುಗನು ಪುಟ ತಿರುವಿ ಹಿಂದಕ್ಕೆ ಹೋಗಬಹುದು, ಸುಳಿವುಗಳನ್ನು ಮತ್ತೊಮ್ಮೆ ತೂಗಿ ನೋಡಬಹುದು. ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನಿಗೆ ಆ ಸೌಲಭ್ಯವಿಲ್ಲ. ಕೊನೆಯಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿ ಪತ್ತೇದಾರನು ನೀಡುವ ಸುದೀರ್ಘ ವಿವರಣೆ ಪುಸ್ತಕದಲ್ಲಿ ರೋಮಾಂಚನ ಹುಟ್ಟಿಸುತ್ತದೆ. ತೆರೆಯ ಮೇಲೆ ಅದೇ ವಿವರಣೆ ಉಪನ್ಯಾಸವಾಗಿಬಿಡುವ ಅಪಾಯವಿದೆ.

ಸಸ್ಪೆನ್ಸ್ ಚಿತ್ರಗಳ ದೊರೆ ಆಲ್ಫ್ರೆಡ್ ಹಿಚ್‌ಕಾಕ್ ಇದೇ ಕಾರಣದಿಂದ 'ಕೊಂದವರು ಯಾರು' ಎಂಬ ಬಗೆಯ ಕಥೆಗಳಿಂದ ಬಹುತೇಕ ದೂರವೇ ಉಳಿದರು. ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರಬೇಕು, ಮೇಜಿನ ಸುತ್ತ ಕುಳಿತವರಿಗೆ ತಿಳಿದಿರಬಾರದು ಎಂಬುದು ಅವರ ಸೂತ್ರವಾಗಿತ್ತು.

ಭಾರತದಲ್ಲಿ ಈ ಸೂತ್ರವನ್ನು ಅರಿತು ಬಳಸಿದವರಲ್ಲಿ ಸತ್ಯಜಿತ್ ರಾಯ್ ಪ್ರಮುಖರು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮ್‌ಕೇಶ್ ಬಕ್ಷಿ ಕಥೆಯನ್ನು ಆಧರಿಸಿ 1967ರಲ್ಲಿ ಅವರು 'ಚಿಡಿಯಾಖಾನಾ' ನಿರ್ದೇಶಿಸಿದರು. ಉತ್ತಮ್ ಕುಮಾರ್ ಅವರು ಬ್ಯೋಮ್‌ಕೇಶ್ ಆಗಿದ್ದರು. ಅನಂತರ ತಾವೇ ಸೃಷ್ಟಿಸಿದ ಫೆಲೂದಾ ಪಾತ್ರವನ್ನು 1974ರಲ್ಲಿ 'ಸೋನಾರ್ ಕೆಲ್ಲಾ' ಚಿತ್ರದ ಮೂಲಕ ತೆರೆಗೆ ತಂದರು. ಕಾದಂಬರಿಯಲ್ಲಿ ಕೊನೆಯವರೆಗೂ ಮುಚ್ಚಿಟ್ಟಿದ್ದ ದುಷ್ಟರ ಗುರುತನ್ನು ಚಿತ್ರದಲ್ಲಿ ಮೊದಲೇ ಬಿಟ್ಟುಕೊಟ್ಟರು. ಯಾರು ಎಂಬ ಕುತೂಹಲದ ಜಾಗದಲ್ಲಿ ಮುಂದೇನು ಎಂಬ ಕಾತರ ಬಂದಿತು. ಹೀಗಾಗಿಯೇ ಆ ಚಿತ್ರವನ್ನು ಬಂಗಾಳಿ ಮನೆಗಳಲ್ಲಿ ಮತ್ತೆ ಮತ್ತೆ ನೋಡುತ್ತಾರೆ.

ಹಿಂದಿ, ಬಂಗಾಳಿ, ತಮಿಳು ಹಾದಿ

ಕಾನನ್ ಡಾಯ್ಲ್ ಅವರ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' 1951ರಲ್ಲಿ ಬಂಗಾಳಿಯಲ್ಲಿ 'ಜಿಘಾಂಸಾ' ಆಯಿತು. ಅದೇ ಎಳೆ 1962ರಲ್ಲಿ ಹಿಂದಿಯ 'ಬೀಸ್ ಸಾಲ್ ಬಾದ್' ಚಿತ್ರಕ್ಕೂ ಪ್ರೇರಣೆಯಾಯಿತು. ಇಂಗ್ಲೆಂಡಿನ ಜೌಗುಭೂಮಿಯ ನಾಯಿಯ ಬದಲು ಹಳೆಯ ಬಂಗಲೆ, ಗೆಜ್ಜೆಯ ಸದ್ದು ಹಾಗೂ ಹೇಮಂತ್ ಕುಮಾರ್ ಅವರ ಸಂಗೀತ ಬಂದವು.

ಕ್ರಿಸ್ಟಿ ಅವರ 'ದಿ ಮೌಸ್‌ಟ್ರ್ಯಾಪ್' ನಾಟಕದ ಪ್ರಕರಣ ಇನ್ನಷ್ಟು ಕುತೂಹಲಕಾರಿ. 1952ರಲ್ಲಿ ಲಂಡನ್‌ನಲ್ಲಿ ಆರಂಭವಾದ ಈ ನಾಟಕದ ಪ್ರದರ್ಶನ ನಿಂತು ಆರು ತಿಂಗಳು ಕಳೆಯುವವರೆಗೆ ಅದನ್ನು ಚಿತ್ರವಾಗಿಸಬಾರದೆಂದು ಕರಾರಾಗಿತ್ತು. ನಾಟಕ ನಿಲ್ಲಲೇ ಇಲ್ಲ. ಕೋವಿಡ್ ಕಾರಣ 2020ರಲ್ಲಿ ತಾತ್ಕಾಲಿಕವಾಗಿ ಸ್ಥಗಿತಗೊಂಡು 2021ರಲ್ಲಿ ಪುನಃ ಆರಂಭವಾಯಿತು. ಆದರೆ ಪಶ್ಚಿಮದವರು ಕಾಯುತ್ತ ಕುಳಿತಿದ್ದ ಕಥೆಯನ್ನು ಪ್ರೇಮೇಂದ್ರ ಮಿತ್ರ ಅವರು 1960ರಲ್ಲಿಯೇ 'ಚುಪಿ ಚುಪಿ ಆಶೇ' ಎಂಬ ಹೆಸರಿನಲ್ಲಿ ಬಂಗಾಳಿ ತೆರೆಗೆ ತಂದಿದ್ದರು.

ದ್ವೀಪದಲ್ಲಿ ಸಿಲುಕಿದವರ ಕ್ರಿಸ್ಟಿ ಕಥೆ ಹಿಂದಿಯಲ್ಲಿ 'ಗುಮ್ನಾಮ್' (1965), ತಮಿಳಿನಲ್ಲಿ ಎಸ್. ಬಾಲಚಂದರ್ ಅವರ 'ನಡು ಇರವಿಲ್' (1970) ಚಿತ್ರಗಳಿಗೆ ಸ್ಫೂರ್ತಿಯಾಯಿತು. 1973ರಲ್ಲಿ ಬಿ.ಆರ್. ಚೋಪ್ರಾ ಅವರು 'ಧುಂಧ್' ನಿರ್ದೇಶಿಸಿದರು. ಮಂಜು ಕವಿದ ರಾತ್ರಿ ಕಾರು ಕೆಟ್ಟು ನಿಂತ ಅಪರಿಚಿತನೊಬ್ಬ ಒಂಟಿ ಮನೆಯೊಳಗೆ ಕಾಲಿಡುತ್ತಾನೆ. ಅಲ್ಲಿ ಗಾಲಿಕುರ್ಚಿಯಲ್ಲಿ ಪತಿಯ ಶವ, ಪಕ್ಕದಲ್ಲಿ ಪಿಸ್ತೂಲು ಹಿಡಿದ ಪತ್ನಿ. ಇದರ ಮೂಲ ಕ್ರಿಸ್ಟಿ ಅವರ 1958ರ ನಾಟಕ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್'. ಕನ್ನಡದ ಮಹತ್ವದ ಪತ್ತೇದಾರಿ ಚಿತ್ರವೊಂದರ ಬೇರೂ ಇಲ್ಲಿಯೇ ಇದೆ.

ಕನ್ನಡದ ಕಪಾಟಿನಲ್ಲಿ

ಕನ್ನಡಕ್ಕೆ ಪತ್ತೇದಾರಿ ಸಾಹಿತ್ಯದ ಕೊರತೆ ಇರಲಿಲ್ಲ. ಎನ್. ನರಸಿಂಹಯ್ಯ ಅವರು ಸುಮಾರು 500 ಕಾದಂಬರಿಗಳನ್ನು ಬರೆದರು. ಪ್ರಾಥಮಿಕ ಶಾಲೆಯಿಂದಾಚೆಗೆ ಓದು ಮುಂದುವರಿಸಲಾಗದ ಅವರು ಸೃಷ್ಟಿಸಿದ ಪತ್ತೇದಾರ ಪುರುಷೋತ್ತಮನ ಸಾಹಸಗಳು 1950 ಹಾಗೂ 60ರ ದಶಕಗಳಲ್ಲಿ ಸಹಸ್ರಾರು ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದವು. ಕನ್ನಡದ ಹಳದಿ-ಕೆಂಪು ಬಾವುಟದ ರೂವಾರಿ ಮಾ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿಕಾರರಾಗಿದ್ದರು. ಮುಂದಿನ ದಶಕಗಳಲ್ಲಿ ಟಿ.ಕೆ. ರಾಮರಾವ್, ಬಿ.ವಿ. ಅನಂತರಾಮ್, ಜಿಂದೆ ನಂಜುಂಡಸ್ವಾಮಿ, ಸುದರ್ಶನ ದೇಸಾಯಿ, ಕೌಂಡಿನ್ಯ ಮೊದಲಾದವರು ಈ ಪರಂಪರೆಯನ್ನು ಬೆಳೆಸಿದರು.

ಹೈದರಾಬಾದ್ ಸಂಸ್ಥಾನದ ಕಾಲದಿಂದ ಉರ್ದು ಓದು ರೂಢಿಯಲ್ಲಿದ್ದ ಕಲಬುರಗಿ ಭಾಗದ ಓದುಗರಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. 1952ರಲ್ಲಿ ಅಲಹಾಬಾದಿನಿಂದ ಆರಂಭವಾದ ಇಬ್ನೆ ಸಫಿ ಅವರ 'ಜಾಸೂಸಿ ದುನಿಯಾ' ಮಾಲೆ ಉರ್ದು ಬಲ್ಲವರ ಮನೆಮಾತಾಗಿತ್ತು. ನೂರಾರು ಕಾದಂಬರಿಗಳ ಈ ಲೇಖಕರ ಕಥೆ ಆಧರಿಸಿದ 'ಧಮಾಕಾ' ಚಿತ್ರ ಪಾಕಿಸ್ತಾನದಲ್ಲಿ 1974ರಲ್ಲಿ ತೆರೆಕಂಡಿತು.

ಓದುಗರು ಇದ್ದರು, ಲೇಖಕರೂ ಇದ್ದರು. ಆದರೂ ಫೆಲೂದಾ ಬಂಗಾಳದಲ್ಲಿ ನೆಲೆಯೂರಿದಂತೆ ಪುರುಷೋತ್ತಮನು ಕನ್ನಡ ತೆರೆಯ ಮೇಲೆ ನೆಲೆಯೂರಲಿಲ್ಲ. ಟಿ.ಕೆ. ರಾಮರಾವ್ ಅವರ ಉದಾಹರಣೆ ಅರ್ಥಪೂರ್ಣವಾಗಿದೆ. ರೋಚಕ ಕಾದಂಬರಿಗಳಿಗೆ ಹೆಸರಾಗಿದ್ದ ಈ ಲೇಖಕರ ಕೃತಿಯೊಂದರಿಂದ ಮೂಡಿದ ಅತ್ಯಂತ ಪ್ರಸಿದ್ಧ ಚಿತ್ರ 1972ರ 'ಬಂಗಾರದ ಮನುಷ್ಯ'. ಅದರಲ್ಲಿ ಕೊಲೆಯ ತನಿಖೆಯಿಲ್ಲ, ಬರಡು ಭೂಮಿಯನ್ನು ಹಸನುಗೊಳಿಸುವ ರೈತನಿದ್ದಾನೆ. ಕನ್ನಡ ಚಿತ್ರರಂಗ ಸಾಮಾಜಿಕ ಕಾದಂಬರಿಗೆ ಕೊಟ್ಟ ಮಣೆಯನ್ನು ಪತ್ತೇದಾರಿ ಕಾದಂಬರಿಗೆ ಕೊಡಲಿಲ್ಲ. 'ಕಾದಂಬರಿ ಆಧಾರಿತ' ಎಂಬ ಮಾತು ಗೌರವದ ಮುದ್ರೆಯಾಗಿದ್ದ ಕಾಲದಲ್ಲಿ ಪತ್ತೇದಾರಿ ಪುಸ್ತಕವನ್ನು ರೈಲು ಪ್ರಯಾಣದಲ್ಲಿ ಓದಿ ಮುಗಿಸುವ ಸರಕೆಂದೇ ಎಣಿಸಲಾಗಿತ್ತು.

ಗೂಢಚಾರನಿಂದ 'ತರ್ಕ'ದವರೆಗೆ

ಆರಂಭದಲ್ಲಿ ಕನ್ನಡ ಚಿತ್ರರಂಗ ಹೋಮ್ಸ್‌ನಿಗಿಂತ ಜೇಮ್ಸ್ ಬಾಂಡ್‌ನನ್ನು ನೆಚ್ಚಿಕೊಂಡಿತು. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ಚಿತ್ರದ ಮೂಲಕ ಡಾ. ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿ ಪರಿಚಯಿಸಿತು. 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978) ಅದೇ ಸರಣಿಯವು. ಇಲ್ಲಿ ಊಹೆಗಿಂತ ಹೊಡೆದಾಟಕ್ಕೆ, ಸುಳಿವಿಗಿಂತ ಸಾಹಸಕ್ಕೆ ಪ್ರಾಶಸ್ತ್ಯವಿತ್ತು.

1978ರಲ್ಲಿ ಕಾಶೀನಾಥ್ ನಿರ್ದೇಶನದ 'ಅಪರಿಚಿತ' ಬಂದಿತು. ಸುರೇಶ್ ಹೆಬ್ಳೀಕರ್, ಶೋಭಾ ಅಭಿನಯದ ಈ ಚಿತ್ರ ತಾರಾಮೌಲ್ಯವನ್ನು ನೆಚ್ಚದೆ ಕುತೂಹಲವನ್ನೇ ಬಂಡವಾಳ ಮಾಡಿಕೊಂಡಿತು. 1981ರಲ್ಲಿ ಕಾಶೀನಾಥ್ ಅವರೇ ಇದನ್ನು ಹಿಂದಿಯಲ್ಲಿ 'ಬೇಶಕ್' ಆಗಿ ನಿರ್ದೇಶಿಸಿದರು. ಅದೇ ವರ್ಷ ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಬಿಡುಗಡೆಯಾಯಿತು. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ ಅದರ ಮೂಲ. ಶುದ್ಧ ಪತ್ತೇದಾರಿ ಕಥೆ ಅಲ್ಲವಾದರೂ, ಕನ್ನಡದ ಅಪರಾಧ ಕಾದಂಬರಿಯೊಂದು ತೆರೆಯ ಮೇಲೆ ಎಷ್ಟು ದೊಡ್ಡ ಸಂಚಲನ ಉಂಟುಮಾಡಬಲ್ಲದು ಎಂಬುದಕ್ಕೆ 'ಅಂತ' ಸಾಕ್ಷಿಯಾಯಿತು.

ಕ್ರಿಸ್ಟಿ ಅವರ ಎಳೆಯನ್ನು ಕನ್ನಡದ ನೆಲದಲ್ಲಿ ನೆಟ್ಟ ಕೀರ್ತಿ ಸುನಿಲ್‌ಕುಮಾರ್ ದೇಸಾಯಿ ಅವರಿಗೆ ಸಲ್ಲಬೇಕು. 1989ರಲ್ಲಿ ತೆರೆಕಂಡ 'ತರ್ಕ' ಅವರ ನಿರ್ದೇಶನದ ಪ್ರಥಮ ಚಿತ್ರ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದರು. 'ಧುಂಧ್' ಚಿತ್ರಕ್ಕೆ ಮೂಲವಾಗಿದ್ದ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ನಾಟಕದ ಎಳೆಯೇ ಇದಕ್ಕೂ ಸ್ಫೂರ್ತಿ ಎನ್ನಲಾಗುತ್ತದೆ.

ಹಾಡುಗಳಿಲ್ಲದೆ ಕನ್ನಡ ಚಿತ್ರ ಓಡದು ಎಂಬ ನಂಬಿಕೆ ಬಲವಾಗಿದ್ದ ದಿನಗಳಲ್ಲಿ 'ತರ್ಕ' ಒಂದು ಹಾಡೂ ಇಲ್ಲದೆ ಬಂದಿತು. ಇದು ಕೇವಲ ಪ್ರಯೋಗದ ಹಂಬಲವಲ್ಲ, ಕಥೆಯ ಅಗತ್ಯ. ಮನೆಯೊಳಗೆ ಬಿಗಿದ ಉಸಿರು ಹಾಡಿನ ನಡುವೆ ಸಡಿಲವಾದರೆ ಮತ್ತೆ ಬಿಗಿಯುವುದು ಕಷ್ಟ. ಕಾದಂಬರಿಯ ಪತ್ತೇದಾರನಂತೆ ಎಲ್ಲ ಬಲ್ಲ ಮಹಾಮೇಧಾವಿಯೂ ಇಲ್ಲಿ ಕೇಂದ್ರದಲ್ಲಿಲ್ಲ. ಭಯಗೊಂಡ ಹೆಣ್ಣು, ಮನೆಯ ಗೋಡೆಗಳ ನಡುವಿನ ಹಿಂಸೆ, ನಂಬಬೇಕೋ ಬಾರದೋ ತಿಳಿಯದ ಒಬ್ಬ ಮನುಷ್ಯ, ಇವರೇ ಚಿತ್ರವನ್ನು ನಡೆಸುತ್ತಾರೆ. ಕೊನೆಯ ಗುಟ್ಟು ತಿಳಿದವರೂ 'ತರ್ಕ'ವನ್ನು ಮತ್ತೊಮ್ಮೆ ನೋಡುವುದು ಈ ಕಾರಣಕ್ಕೆ. 1990ರಲ್ಲಿ ಇದು ತಮಿಳಿನಲ್ಲಿ 'ಪುರಿಯಾದ ಪುದಿರ್' ಆಗಿ ಮರುನಿರ್ಮಾಣಗೊಂಡಿತು. ಕೆ.ಎಸ್. ರವಿಕುಮಾರ್ ನಿರ್ದೇಶಕರಾಗಿ ಪರಿಚಯವಾದದ್ದು ಆ ಚಿತ್ರದಿಂದಲೇ.

ದೇಸಾಯಿ ಅವರು ಮುಂದೆ 'ಉತ್ಕರ್ಷ' (1990), 'ನಿಷ್ಕರ್ಷ' (1993) ನೀಡಿದರು. ಬಹುಮಹಡಿ ಕಟ್ಟಡದಲ್ಲಿ ದರೋಡೆಕೋರರ ನಡುವೆ ಸಿಲುಕಿದವರ ಕಥೆಯಾದ 'ನಿಷ್ಕರ್ಷ' ಹಾಲಿವುಡ್‌ನ 'ಡೈ ಹಾರ್ಡ್' (1988) ಚಿತ್ರವನ್ನು ನೆನಪಿಸುತ್ತದೆ. 'ಡೈ ಹಾರ್ಡ್'ನ ಮೂಲ ರೋಡರಿಕ್ ಥಾರ್ಪ್ ಅವರ 1979ರ ಕಾದಂಬರಿ. ಆ ಕಾದಂಬರಿಯೋ, ಅದೇ ಲೇಖಕರ 'ದಿ ಡಿಟೆಕ್ಟಿವ್' (1966) ಎಂಬ ಪತ್ತೇದಾರಿ ಕೃತಿಯ ಮುಂದುವರಿಕೆ. ಹೀಗೆ ಅಮೆರಿಕದ ಪತ್ತೇದಾರಿ ಕಪಾಟಿನ ನೆರಳು ಕನ್ನಡದ ಆ್ಯಕ್ಷನ್ ಚಿತ್ರದವರೆಗೂ ಚಾಚಿದೆ.

ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ಆಧರಿಸಿದ 'ಬೆಳದಿಂಗಳ ಬಾಲೆ' (1995) ದೇಸಾಯಿ ಅವರ ಮತ್ತೊಂದು ಗಮನಾರ್ಹ ಕೃತಿ. ಅನಂತ್‌ನಾಗ್ ಅವರು ಚದುರಂಗದ ಆಟಗಾರನಾಗಿ, ದೂರವಾಣಿಯಲ್ಲಿ ಸವಾಲೊಡ್ಡುವ ಅಜ್ಞಾತ ಯುವತಿಯನ್ನು ಸುಳಿವುಗಳ ಜಾಡು ಹಿಡಿದು ಹುಡುಕುತ್ತಾರೆ. ಕೊಲೆಯೇ ಇಲ್ಲದ ಪತ್ತೇದಾರಿ ಕಥೆ ಇದು. ಹುಡುಕಾಟದ ಕೊನೆಯಲ್ಲಿ ಅಪರಾಧಿ ಸಿಗುವುದಿಲ್ಲ, ನೋವು ಸಿಗುತ್ತದೆ. ಮೂಲ ಲೇಖಕರ ಹೆಸರು ಎಲ್ಲರಿಗೂ ಗೊತ್ತಿದ್ದ ಅಧಿಕೃತ ರೂಪಾಂತರ ಎಂಬ ಕಾರಣಕ್ಕೂ ಈ ಚಿತ್ರ ಮುಖ್ಯವೆನಿಸುತ್ತದೆ.

2015ರಲ್ಲಿ ಕೆ.ಎಂ. ಚೈತನ್ಯ ನಿರ್ದೇಶಿಸಿದ 'ಆಟಗಾರ' ಚಿತ್ರದಲ್ಲಿ ರಿಯಾಲಿಟಿ ಶೋಗೆಂದು ಬಂದವರು ಒಬ್ಬೊಬ್ಬರಾಗಿ ಅಪಾಯಕ್ಕೆ ಸಿಲುಕುತ್ತಾರೆ. ಕ್ರಿಸ್ಟಿ ಅವರ ದ್ವೀಪದ ಕಥೆಯ ಚೌಕಟ್ಟು ಇಲ್ಲಿ ಟಿ.ವಿ. ಯುಗದ ವೇಷ ತೊಟ್ಟಿದೆ.

ಕಾನೂನು ಏನು ಹೇಳುತ್ತದೆ?

ಇಷ್ಟೊಂದು ಚಿತ್ರಗಳು 'ಸ್ಫೂರ್ತಿ'ಯ ಹೆಸರಿನಲ್ಲಿ ಬರಲು ಕಾನೂನಿನ ಹಿನ್ನೆಲೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯನ್ನು ಚಿತ್ರವಾಗಿಸುವ ಹಕ್ಕು ಕೃತಿಸ್ವಾಮ್ಯ ಉಳ್ಳವರದ್ದೇ. ಆದರೆ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇವಲ ಕಲ್ಪನೆ, ವಿಷಯ ಅಥವಾ ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ಬಗೆಗೆ ಮಾತ್ರ ರಕ್ಷಣೆ ಉಂಟು ಎಂದು ತೀರ್ಪಿತ್ತಿತು. ನಾಟಕಕಾರರೊಬ್ಬರು ತಮ್ಮ 'ಹಮ್ ಹಿಂದುಸ್ತಾನಿ' ನಾಟಕವನ್ನು 1956ರ 'ನ್ಯೂ ಡೆಲ್ಲಿ' ಚಿತ್ರ ನಕಲು ಮಾಡಿದೆ ಎಂದು ಹೂಡಿದ್ದ ಮೊಕದ್ದಮೆ ಅದು. ತೀರ್ಪು ಚಿತ್ರದ ಪರವಾಗಿ ಬಂದಿತು.

ಪತ್ತೇದಾರಿ ಲೇಖಕನಿಗೆ ಇದು ವಿಶೇಷ ನಷ್ಟ. ಸಾಮಾಜಿಕ ಕಾದಂಬರಿಯಲ್ಲಿ ಭಾಷೆ, ಪರಿಸರ, ಪಾತ್ರಗಳನ್ನು ಕಿತ್ತು ತೆಗೆದರೆ ಉಳಿಯುವುದು ಅಲ್ಪ. ಪತ್ತೇದಾರಿ ಕಥೆಯಲ್ಲಿ ಲೇಖಕನ ಬಹುಪಾಲು ಶ್ರಮ ಅಡಗಿರುವುದೇ ಕಥಾತಂತ್ರದಲ್ಲಿ. ಕದಿಯಲು ಸುಲಭವಾದದ್ದೂ, ಸಾಬೀತುಪಡಿಸಲು ಕಷ್ಟವಾದದ್ದೂ ಅದೇ.

ಭಾರತದಲ್ಲಿ ಲೇಖಕರು ನಿಧನರಾದ ನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. 1930ರಲ್ಲಿ ನಿಧನರಾದ ಕಾನನ್ ಡಾಯ್ಲ್ ಅವರ ಕೃತಿಗಳನ್ನು ಇಲ್ಲಿ ಯಾರು ಬೇಕಾದರೂ ಚಿತ್ರವಾಗಿಸಬಹುದು. 1976ರಲ್ಲಿ ನಿಧನರಾದ ಕ್ರಿಸ್ಟಿ ಅವರ ಕೃತಿಗಳಿಗೆ 2036ರ ಅಂತ್ಯದವರೆಗೆ ರಕ್ಷಣೆಯಿದೆ.

ಮರಳಿ ಬಂದ ಪತ್ತೇದಾರ

2019ರಿಂದೀಚೆಗೆ ಕನ್ನಡ ತೆರೆಯ ಮೇಲೆ ಪತ್ತೇದಾರನು ಪುನಃ ಕಾಣಿಸಿಕೊಂಡಿದ್ದಾನೆ. ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ' (2019) ಚಿತ್ರದ ದಿವಾಕರ, ಪತ್ತೇದಾರಿ ಕಾದಂಬರಿಗಳ ಗುಂಗಿನಲ್ಲಿ ಬೆಳೆದವನು. ರಿಷಬ್ ಶೆಟ್ಟಿ ನಟಿಸಿದ ಈ ಚಿತ್ರ ಯಾವ ಕಾದಂಬರಿಯ ರೂಪಾಂತರವೂ ಅಲ್ಲ, ಆದರೆ ಆ ಇಡೀ ಓದಿನ ಯುಗಕ್ಕೆ ಸಲ್ಲಿಸಿದ ನಗೆಬೆರೆತ ನಮಸ್ಕಾರ. ಅದೇ ವರ್ಷದ ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ ಸಂಚಾರ ಪೊಲೀಸ್ ಅಧಿಕಾರಿಯೊಬ್ಬ ದಶಕಗಳ ಹಿಂದಿನ ಪ್ರಕರಣದ ಬೆನ್ನು ಹತ್ತುತ್ತಾನೆ. 2021ರಲ್ಲಿ ಇದು ತಮಿಳು ಹಾಗೂ ತೆಲುಗಿನಲ್ಲಿ ಮರುನಿರ್ಮಾಣಗೊಂಡಿತು. ಆಕಾಶ್ ಶ್ರೀವತ್ಸ ಅವರ 'ಶಿವಾಜಿ ಸುರತ್ಕಲ್' (2020) ರಮೇಶ್ ಅರವಿಂದ್ ಅವರಿಗೆ ಹೋಮ್ಸ್ ಛಾಯೆಯ ಪಾತ್ರವನ್ನು ನೀಡಿತು. 2023ರಲ್ಲಿ ಎರಡನೆಯ ಭಾಗವೂ ಬಂದಿತು. ಒಬ್ಬ ಪತ್ತೇದಾರ, ಹಲವು ಪ್ರಕರಣಗಳು ಎಂಬ ಮಾಲೆಯ ಕಲ್ಪನೆ ಕನ್ನಡದಲ್ಲಿ ಮತ್ತೆ ಚಿಗುರಿದ್ದು ಹೀಗೆ.

ಇವೆಲ್ಲವೂ ಸ್ವಂತ ಕಥೆಗಳೆಂಬುದು ಹೆಮ್ಮೆಯ ವಿಷಯ. ಆದರೆ ಪುರುಷೋತ್ತಮನ ಸಾಲಿನ ಪುಸ್ತಕಗಳ ಸ್ಥಿತಿ ಬೇರೆಯೇ ಆಗಿದೆ. ಅಗ್ಗದ ಕಾಗದದಲ್ಲಿ ಅಚ್ಚಾಗಿ, ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ದಾಟಿದ ಪ್ರತಿಗಳು ಹಳದಿಗಟ್ಟಿ ಪುಡಿಯಾಗುತ್ತಿವೆ. ಚಿತ್ರವಾಗುವ ಮಾತು ಹಾಗಿರಲಿ, ಓದಲು ಸಿಗುವುದೇ ದುರ್ಲಭ. ಬಂಗಾಳದಲ್ಲಿ ಬ್ಯೋಮ್‌ಕೇಶ್ ಹಾಗೂ ಫೆಲೂದಾ ಹೊಸ ತಲೆಮಾರಿಗೂ ಪರಿಚಿತರಾಗಿ ಉಳಿದಿದ್ದರೆ ಅದರಲ್ಲಿ ಚಿತ್ರಗಳ ಪಾಲು ದೊಡ್ಡದು. 1993ರಲ್ಲಿ ಬಾಸು ಚಟರ್ಜಿ ಅವರ 'ಬ್ಯೋಮ್‌ಕೇಶ್ ಬಕ್ಷಿ' ಧಾರಾವಾಹಿ ದೂರದರ್ಶನದಲ್ಲಿ ಬಂದಾಗ, 1977ರಲ್ಲಿಯೇ ದೂರದರ್ಶನ ಕೇಂದ್ರ ಪಡೆದಿದ್ದ ಕಲಬುರಗಿಯಂತಹ ಊರಿನ ಮನೆಗಳಿಗೂ ಆ ಬಂಗಾಳಿ ಪತ್ತೇದಾರ ತಲುಪಿದ. ಕನ್ನಡದ ಪತ್ತೇದಾರನಿಗೆ ಅಂತಹ ಭಾಗ್ಯ ದೊರೆಯಲಿಲ್ಲ.

ಮಾ. ರಾಮಮೂರ್ತಿ ಅವರು ನಿಧನರಾದದ್ದು 1967ರಲ್ಲಿ. ಕಾಯ್ದೆಯ ಲೆಕ್ಕದಂತೆ 2028ರ ಜನವರಿ 1ರಿಂದ ಅವರ ಪತ್ತೇದಾರಿ ಕಾದಂಬರಿಗಳು ಸಾರ್ವಜನಿಕ ಸ್ವತ್ತಾಗುತ್ತವೆ. ಯಾರ ಅನುಮತಿಯನ್ನೂ ಕೇಳದೆ, ಯಾರಿಗೂ ಹಣ ತೆರದೆ ಅವುಗಳನ್ನು ಮರುಮುದ್ರಿಸಬಹುದು, ಚಿತ್ರವಾಗಿಸಬಹುದು. ಅಷ್ಟರೊಳಗೆ ಆ ಪುಸ್ತಕಗಳನ್ನು ಹುಡುಕಿ ತೆಗೆಯುವ ಕೆಲಸವೊಂದು ಬಾಕಿಯಿದೆ. ಅದಕ್ಕೂ ಒಬ್ಬ ಪತ್ತೇದಾರನೇ ಬೇಕಾದೀತು.